ಶುದ್ಧಮ್ಮನ ಕೊಂಬೆಯ ಅಣಬೆ

ಮಕ್ಕಳೇ, ಕಾಡಂಚಿನಲ್ಲಿ ಒಂದು ಕೆರೆ ಇತ್ತು. ನೀರಿನ ಮೇಲೆ ಬಾಗಿದ್ದ ಹಳೆಯ ಅತ್ತಿಮರದ ಕೊಂಬೆಯಲ್ಲಿ ಒಂದು ಪೊಟರೆ. ಅದರಲ್ಲಿ ಶುದ್ಧಮ್ಮ ಎಂಬ ಮೈನಾ ಮೂರು ಮೊಟ್ಟೆ ಇಟ್ಟಿದ್ದಳು.

ಶುದ್ಧಮ್ಮ ಮೊದಲು ಪಟ್ಟಣದ ಕಾಲೇಜೊಂದರ ಕಿಟಕಿಯಲ್ಲಿದ್ದವಳು. ಪಾಠ ಕೇಳಿ ಕೇಳಿ ಇಂಗ್ಲಿಷು ಕಲಿತಿದ್ದಳು. ಅದರಲ್ಲೂ ಇಂಗ್ಲಿಷಿನವರು ಲ್ಯಾಟಿನ್ನಿನಿಂದ ಎರವಲು ತಂದು ಹಿಂದಿರುಗಿಸದೆ ಇಟ್ಟುಕೊಂಡ ಪದಗಳೆಂದರೆ ಅವಳಿಗೆ ಪ್ರಾಣ. ಕಲಿತದ್ದು ತಪ್ಪಲ್ಲ ಬಿಡಿ. ಆದರೆ ಯಾರ ಮಾತನ್ನೂ ಅವಳು ಪೂರ್ತಿ ಕೇಳುತ್ತಿರಲಿಲ್ಲ, ನಡುವೆ ಕೊಕ್ಕು ಹಾಕಿ ತಿದ್ದುತ್ತಿದ್ದಳು.

"ಅಕ್ಕಾ, ಇವತ್ತು ಊಟಕ್ಕೆ ಬರೀ ಸೊಳ್ಳೆಮರಿ," ಎಂದ ಕಪ್ಪೆ ವಟರಾಯ.

"ಸೊಳ್ಳೆಮರಿ ಅನ್ನಬಾರದು. ಒಂದಿದ್ದರೆ ಲಾರ್ವಾ, ಬಹಳ ಇದ್ದರೆ ಲಾರ್ವೀ. ಏನು ತಿಂದೆ?"

"ಹೊಟ್ಟೆ ತುಂಬ ಲಾರ್ವಾ."

"ತಪ್ಪು. ಕೆರೆಗೆ ಒಂದು ಸುತ್ತು ಹಾಕಿ ಬಂದು ಸರಿಯಾಗಿ ಹೇಳು."

ಇದು ಶುದ್ಧಮ್ಮನ ಕಟ್ಟಳೆ. ಇಂಗ್ಲಿಷು ಬಂದರೆ ಮರ್ಯಾದೆ ಹೆಚ್ಚುತ್ತದೆ ಎಂದು ಎಲ್ಲರೂ ಪಾಪ, ಸುತ್ತುತ್ತಿದ್ದರು. ವಟರಾಯನಿಗಂತೂ ಸುತ್ತಿ ಬರುವಷ್ಟರಲ್ಲಿ ತಿಂದದ್ದೆಲ್ಲ ಕರಗಿ ಮತ್ತೆ ಹಸಿವಾಗುತ್ತಿತ್ತು.

ಮಳೆ ನಿಂತ ಒಂದು ಬೆಳಿಗ್ಗೆ ಅಳಿಲು ಚಿಟ್ಟಿ ಓಡೋಡಿ ಬಂದಳು.

"ಶುದ್ಧಕ್ಕಾ, ನಿನ್ನ ಕೊಂಬೆಯ ಬುಡದ ತುಂಬ ಅಣಬೆ..."

"ಅಣಬೆ ಅನ್ನಬಾರದು."

"ಸರಿ, ಫಂಗಸ್ ಎದ್ದಿದೆ. ಕೊಂಬೆ..."

"ಬುಡದ ತುಂಬ ಅಂದಮೇಲೆ ಫಂಜೈ. ಸುತ್ತು ಹಾಕಿ ಬಾ."

ಚಿಟ್ಟಿ ಏದುಸಿರು ಬಿಡುತ್ತಾ ಸುತ್ತು ಹಾಕಿ ಬಂದಳು. "ಫಂಜೈಗಳು ಎದ್ದಿವೆ ಅಕ್ಕಾ. ಕೊಂಬೆ ಒಳಗೆ..."

"ಫಂಜೈ ಅಂದರೇ ಬಹುವಚನ. ಅದಕ್ಕೆ ಮತ್ತೆ 'ಗಳು' ಯಾಕೆ? ಇನ್ನೊಂದು ಸುತ್ತು."

ಚಿಟ್ಟಿ ದಾರಿಯುದ್ದಕ್ಕೂ "ಫಂಜೈ, ಫಂಜೈ" ಎಂದು ಬಾಯಿಪಾಠ ಮಾಡುತ್ತಾ ಓಡಿ ಬಂದು, "ಫಂಜೈ ಎದ್ದಿವೆ," ಎಂದಳು.

"ಭೇಷ್. ಈಗ ಹೇಳು, ಏನು ವಿಷಯ?"

"ಕೊಂಬೆ ಒಳಗೆಲ್ಲ ಕೊಳೆತಿದೆ. ಮುರಿಯೋ ಮುಂಚೆ ಮೊಟ್ಟೆ..."

ಲಟಕ್ಕನೆ ಕೊಂಬೆ ಮುರಿದು ಕೆರೆಗೆ ಬಿತ್ತು. ಪೊಟರೆಯೊಳಗೆ ನೀರು ನುಗ್ಗತೊಡಗಿತು. ಶುದ್ಧಮ್ಮ ಮೇಲಕ್ಕೆ ಹಾರಿ ಕೂಗಿಕೊಂಡಳು.

"ಅಯ್ಯೋ, ನನ್ನ ಮೂರು ಮೊಟ್ಟೆ ಹೋಯ್ತು! ಯಾರಾದರೂ ಬನ್ನಿ!"

ಯಾರೂ ಅವಳನ್ನು ತಿದ್ದಲಿಲ್ಲ. ಆಮೆ ನಿಧಾನಪ್ಪ ಕೊಂಬೆಯ ಕೆಳಗೆ ತನ್ನ ಬೆನ್ನು ಕೊಟ್ಟ. ಕಪ್ಪೆಗಳೆಲ್ಲ ಸೇರಿ ಅದನ್ನು ದಡಕ್ಕೆ ತಳ್ಳಿದವು. ಚಿಟ್ಟಿ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಮರದ ಪೊಟರೆಯಲ್ಲಿಟ್ಟಳು. ಒಂದೂ ಒಡೆದಿರಲಿಲ್ಲ.

ಎಲ್ಲರ ಉಸಿರು ತಹಬಂದಿಗೆ ಬಂದ ಮೇಲೆ ವಟರಾಯ ಮೆಲ್ಲಗೆ ಕೇಳಿದ. "ಅಕ್ಕಾ, 'ಮೊಟ್ಟೆಗಳು ಹೋದವು' ಅನ್ನಬೇಕಿತ್ತು ಅಲ್ವಾ? ನಾವೂ ನಿನ್ನನ್ನು ಒಂದು ಸುತ್ತು ಕಳಿಸಿದ್ದರೆ?"

ಶುದ್ಧಮ್ಮ ಹಾರುವುದನ್ನೂ ಬಿಟ್ಟು, ಪುಟುಪುಟು ನಡೆಯುತ್ತಾ ಕೆರೆಗೆ ಒಂದು ಸುತ್ತು ಹಾಕಿ ಬಂದು ಚಿಟ್ಟಿಯ ಮುಂದೆ ತಲೆ ತಗ್ಗಿಸಿ ನಿಂತಳು.

"ನೀನು ಮೊದಲು ಅಣಬೆ ಅಂದಾಗಲೇ ನನಗೆ ಅರ್ಥವಾಗಿತ್ತು ಕಣೇ," ಎಂದಳು.

ನೀತಿ: ಹೇಳುವವರ ಮಾತನ್ನು ಮೊದಲು ಪೂರ್ತಿ ಕೇಳಬೇಕು, ತಿದ್ದುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.