ಕಂಡಿಕೆ ಸುತ್ತುವ ತಮ್ಮ

“ಗುರುಗಳೇ, ರಿಕಾರ್ಡೊ ಎಂಬ ಅರ್ಥಶಾಸ್ತ್ರಜ್ಞನ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ,” ಎಂದ ಶಿಷ್ಯ. “ಒಂದು ದೇಶ ಬಟ್ಟೆಯನ್ನೂ ದ್ರಾಕ್ಷಾರಸವನ್ನೂ ಇನ್ನೊಂದು ದೇಶಕ್ಕಿಂತ ಸುಲಭವಾಗಿ ಮಾಡಬಲ್ಲದು. ಆದರೂ ಒಂದನ್ನು ಆ ಇನ್ನೊಂದು ದೇಶಕ್ಕೆ ಬಿಟ್ಟರೆ ಇಬ್ಬರಿಗೂ ಲಾಭ ಎನ್ನುತ್ತಾನೆ. ಎರಡನ್ನೂ ಬಲ್ಲವನಿಗೆ ಹಿಂದುಳಿದವನ ಹಂಗೇಕೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂತು ಸೀರೆ ನೇಯುವನು. ಅವನ ತಮ್ಮ ಬೆನ್ನ ಹಿಂದೆ ಕೂತು, ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಿ, ಅಣ್ಣ ಹಿಂದಕ್ಕೆ ಚಾಚಿದ ಕೈಗೆ ಕೊಡುವನು. ತಮ್ಮನಿಗೆ ನೇಯ್ಗೆ ಕೈಹತ್ತಲೇ ಇಲ್ಲ. ಸುತ್ತುವುದರಲ್ಲೂ ಅಣ್ಣನೇ ಚುರುಕು.

ಒಂದು ದಿನ ಕಂಡಿಕೆ ತಡವಾಯಿತು.

“ನಾನೇ ಸುತ್ತಿಕೊಂಡಿದ್ದರೆ ಇಷ್ಟು ಹೊತ್ತಿಗೆ ಬುಟ್ಟಿ ತುಂಬುತ್ತಿತ್ತು,” ಎಂದ ಅಣ್ಣ. “ನಿನ್ನಿಂದ ಏನು ತಾನೇ ಆಗುತ್ತದೆ?”

“ಹಾಗಾದರೆ ನೀನೇ ಸುತ್ತು, ನೀನೇ ನೇಯಿ, ನೀನೇ ಉಟ್ಟುಕೋ,” ಎಂದು ತಮ್ಮ ನಗುತ್ತಲೇ ಎದ್ದ. ಆ ನಗು ಹೊಸ್ತಿಲವರೆಗೂ ಉಳಿಯಲಿಲ್ಲ. ಪಕ್ಕದ ಊರಿಗೆ ಹೋಗಿ ಬೇರೊಬ್ಬ ನೇಕಾರನಿಗೆ ಕಂಡಿಕೆ ಸುತ್ತತೊಡಗಿದ.

ಅಣ್ಣ ತಾನೇ ಸುತ್ತಿಕೊಂಡ. ಬೇಗ ಸುತ್ತಿದ, ಬಿಗಿಯಾಗಿಯೂ ಸುತ್ತಿದ. ಆದರೆ ಅವನು ಸುತ್ತುವಷ್ಟು ಹೊತ್ತೂ ಮಗ್ಗ ಸುಮ್ಮನೆ ನಿಂತಿರುತ್ತಿತ್ತು. ವಾರಕ್ಕೊಂದು ಮಗ್ಗದಿಂದ ಇಳಿಯುತ್ತಿದ್ದ ಸೀರೆ ಎರಡನೆಯ ವಾರ ಕಳೆದರೂ ಇಳಿಯಲಿಲ್ಲ. ತಾನು ಅಷ್ಟು ನೇಯಲು ಆಗುತ್ತಿದ್ದುದು ತಮ್ಮ ಅಷ್ಟಾದರೂ ಸುತ್ತುತ್ತಿದ್ದುದರಿಂದ ಎಂಬುದು ಅವನಿಗೆ ಆಗ ತಿಳಿಯಿತು. ಮನೆಯೂ ಬಣಗುಡುತ್ತಿತ್ತು. ಅವನು ಪಕ್ಕದ ಊರಿಗೆ ನಡೆದ.

“ಬಾರಪ್ಪ, ಮನೆಗೆ ಹೋಗೋಣ. ನೀನಿಲ್ಲದೆ ಸೀರೆ ಇಳಿಯುತ್ತಿಲ್ಲ,” ಎಂದ.

ತಮ್ಮ ಬೇರೊಂದು ಮಾತಿಗಾಗಿ ಅಣ್ಣನ ಮುಖ ನೋಡಿದ.

“ಸೀರೆಗಾದರೆ ನಾನೇ ಏಕೆ ಬೇಕು ಅಣ್ಣಾ? ಊರಲ್ಲಿ ನಮ್ಮ ನೆರೆಮನೆಯ ಅಜ್ಜಿ ನನಗಿಂತ ಚೆನ್ನಾಗಿ ಸುತ್ತುತ್ತಾಳೆ,” ಎಂದ ತಮ್ಮ. ಅಣ್ಣನಿಗೆ ಊಟ ಹಾಕಿಸಿ, ಊರ ಗಡಿಯವರೆಗೂ ಬಂದು ಕಳಿಸಿಕೊಟ್ಟ.

ನೇಕಾರ ಹಾಗೆಯೇ ಮಾಡಿದ. ಅಜ್ಜಿ ತನ್ನ ಮನೆಯಲ್ಲೇ ಸುತ್ತಿ, ತುಂಬಿದ ಬುಟ್ಟಿಯನ್ನು ಮಗ್ಗದ ಪಕ್ಕದಲ್ಲಿ ಇಟ್ಟು ಹೋಗುವಳು. ಸೀರೆ ಮತ್ತೆ ವಾರಕ್ಕೊಂದು ಇಳಿಯತೊಡಗಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ರಿಕಾರ್ಡೊ ಹೇಳಿದ್ದು ಸರಿ,” ಎಂದ ಶಿಷ್ಯ. “ನೇಕಾರನ ನಷ್ಟವೂ ತುಂಬಿತಲ್ಲ, ಗುರುಗಳೇ?”

“ಬುಟ್ಟಿ ಪಕ್ಕದಲ್ಲೇ ಇದೆ ಮಗು, ಅವನು ಇಂದಿಗೂ ಹಿಂದಕ್ಕೇ ಕೈ ಚಾಚುತ್ತಾನೆ,” ಎಂದರು ಗುರುಗಳು.