ಬ್ರೇಕಿಗೆ ತುಂಬಿದ ಎಣ್ಣೆ

“ಗುರುಗಳೇ, ಯಾರೂ ಕೇಳದಿದ್ದಾಗ ಹೇಳದೆ ಇರುವುದು ಸುಳ್ಳಾಗುತ್ತದೆಯೇ?” ಎಂದು ಚೆನ್ನವೀರ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಗುರುಗಳು ಕೂತುಕೋ ಎಂದು ಕೈಯಲ್ಲಿ ತೋರಿಸಿ, ಈ ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ಔಷಧಿ ಅಂಗಡಿಯವನಿದ್ದ. ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವನು. ಒಂದು ಮಾತ್ರೆಯ ಬದಲು ಇನ್ನೊಂದನ್ನು ಒಂದು ದಿನವೂ ಕೊಟ್ಟವನಲ್ಲ. ಚೀಟಿಯ ಅಕ್ಷರ ತಿಳಿಯದಿದ್ದರೆ ಅಂಗಡಿಯ ಬಾಗಿಲು ಎಳೆದುಕೊಂಡು ಡಾಕ್ಟರ ಬಳಿಗೇ ಹೋಗಿ ಕೇಳಿ ಬರುತ್ತಿದ್ದ. ಊರಿನವರು ಅವನ ಕೈಯನ್ನು ನಂಬಿದ್ದರು.

ಅವನಿಗೊಬ್ಬ ಸ್ನೇಹಿತ, ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು. ಐವತ್ತರ ಹತ್ತಿರ ಬಂದಾಗ ಇಬ್ಬರಿಗೂ ಬೆಟ್ಟ ಹತ್ತುವ ಗೇರ್ ಸೈಕಲ್ಲಿನ ಹುಚ್ಚು ಹಿಡಿಯಿತು. ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತುವುದು, ತುದಿಯಲ್ಲಿ ಕೂತು ಬುತ್ತಿ ಬಿಚ್ಚುವುದು, ಕಲ್ಲುದಾರಿಯಲ್ಲಿ ಇಳಿದು ಬರುವುದು. ಆ ಸೈಕಲ್ಲುಗಳ ಬ್ರೇಕು ತಂತಿಯದಲ್ಲ, ಎಣ್ಣೆಯದು. ಹ್ಯಾಂಡಲ್ಲಿನ ಬಳಿಯ ಹಿಡಿ ಒತ್ತಿದರೆ ತೆಳುವಾದ ಪೈಪಿನೊಳಗಿನ ಎಣ್ಣೆ ಚಕ್ರದ ಬಳಿಯಿರುವ ಪ್ಯಾಡನ್ನು ತಳ್ಳುತ್ತದೆ. ಎಣ್ಣೆ ಸರಿಯಾದದ್ದಾಗಿರಬೇಕು, ಅದರೊಳಗೆ ಗಾಳಿ ಸೇರಿರಬಾರದು. ಅಷ್ಟಿದ್ದರೆ ಎರಡು ಬೆರಳು ಸಾಕು, ಓಡುವ ಸೈಕಲ್ಲು ನಿಲ್ಲುತ್ತದೆ.

ಒಂದು ವರ್ಷ ಮೇಷ್ಟ್ರ ಸೈಕಲ್ಲಿನ ಎರಡೂ ಬ್ರೇಕು ಹಳತಾದವು. ಅದನ್ನು ರಿಪೇರಿ ಮಾಡುವವರು ಆ ಊರಿನಲ್ಲಿ ಇರಲಿಲ್ಲ. “ತಂದು ಬಿಡು, ನಾನೇ ಮಾಡುತ್ತೇನೆ” ಎಂದ ಔಷಧಿ ಅಂಗಡಿಯವನು. ಹೊಸ ಪೈಪು, ರಬ್ಬರಿನ ಉಂಗುರಗಳು, ಪ್ಯಾಡು, ಒಂದು ಸಣ್ಣ ಬಾಟಲಿ ಎಣ್ಣೆ ಎಲ್ಲವನ್ನೂ ತರಿಸಿದ. ಸಿರಿಂಜು ಅವನ ಅಂಗಡಿಯಲ್ಲೇ ಇತ್ತು. ಶನಿವಾರ ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕೂತ. ಹಳೆಯ ಪೈಪು ಕಿತ್ತು ಹೊಸದು ಜೋಡಿಸಿದ. ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ತಳ್ಳಿ, ಮೇಲಿನಿಂದ ಗಾಳಿಗುಳ್ಳೆ ಹೊರಬರುವುದನ್ನು ಕಾದ. ಅಷ್ಟರಲ್ಲಿ ಮೊಣಕೈ ತಗುಲಿ ಬಾಟಲಿ ಉರುಳಿತು. ಅರ್ಧಕ್ಕಿಂತ ಹೆಚ್ಚು ಎಣ್ಣೆ ಪತ್ರಿಕೆಗೆ ಹೋಯಿತು.

ಮೂಲೆಯಲ್ಲಿ ಸ್ಕೂಟರಿನ ಬ್ರೇಕಿಗೆ ಹಾಕುವ ಎಣ್ಣೆಯ ಡಬ್ಬಿ ಇತ್ತು. ಅದೂ ಬ್ರೇಕಿನ ಎಣ್ಣೆಯೇ, ಆದರೆ ಬೇರೆ ಜಾತಿಯದು. ಬೇರೆ ಎಣ್ಣೆ ಬೆರೆಸಬಾರದೆಂದು ಸಣ್ಣ ಬಾಟಲಿಯ ಮೇಲೆ ಬರೆದಿತ್ತು. ಅವನು ಅದನ್ನು ಓದಿದ. ಮರುದಿನ ಭಾನುವಾರ, ಮೇಷ್ಟ್ರು ಸಂಜೆಗೆ ಬರುವವರಿದ್ದರು. ಅವನು ಎರಡನ್ನೂ ಬೆರೆಸಿ ಎರಡು ಪೈಪಿಗೂ ತುಂಬಿದ.

ಹಿಡಿ ಕಲ್ಲಿನಷ್ಟು ಗಟ್ಟಿಯಾಯಿತು. ಮೇಷ್ಟ್ರು ಬಂದು ಒತ್ತಿ ನೋಡಿ ಸಂತೋಷಪಟ್ಟರು. ಬೇರೇನನ್ನೂ ಕೇಳಲಿಲ್ಲ. ಇವನೂ ಏನನ್ನೂ ಹೇಳಲಿಲ್ಲ.

ಮೂರು ಭಾನುವಾರ ಏನೂ ಆಗಲಿಲ್ಲ. ತಪ್ಪು ಎಣ್ಣೆ, ಸೋರದಂತೆ ತಡೆಯುವ ರಬ್ಬರಿನ ಉಂಗುರಗಳನ್ನು ಒಂದೇ ದಿನದಲ್ಲಿ ಕೆಡಿಸುವುದಿಲ್ಲ. ನಾಲ್ಕನೆಯ ಭಾನುವಾರ ಇವನಿಗೆ ಜ್ವರ, ಮೇಷ್ಟ್ರು ಒಬ್ಬರೇ ಹೋದರು. ಇಳಿಯುವಾಗ ಎರಡನೆಯ ತಿರುವಿನಲ್ಲಿ ದಾರಿ ಬಿಟ್ಟು ಕಮರಿಗೆ ಬಿದ್ದು ತೀರಿಹೋದರು.

ಜೋರಾಗಿ ಇಳಿದಿರಬೇಕು ಎಂದು ಪೊಲೀಸರು ಬರೆದುಕೊಂಡರು. ಈ ವಯಸ್ಸಿನಲ್ಲಿ ಇವರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಊರಿನವರು ಮಾತಾಡಿಕೊಂಡರು. ಹೆಣದ ಮುಂದೆ ಯಾರೋ ಅದನ್ನೇ ಹೇಳಿದಾಗ ಔಷಧಿ ಅಂಗಡಿಯವನು ತಲೆಯಾಡಿಸಿದ.

ಹದಿಮೂರು ದಿನ ಕಳೆದ ಮೇಲೆ ಮೇಷ್ಟ್ರ ಹೆಂಡತಿ ಸೈಕಲ್ಲನ್ನು ಇವನ ಮನೆಗೆ ಕಳಿಸಿದಳು. ಅದನ್ನು ನೋಡಲಾರೆ, ನೀವೇ ಇಟ್ಟುಕೊಳ್ಳಿ ಎಂದಳು. ಚಕ್ರ ಸೊಟ್ಟಗಾಗಿತ್ತು. ಬ್ರೇಕಿನ ಹಿಡಿ ಒತ್ತಿದರೆ ತಡೆಯೇ ಇಲ್ಲದೆ ಹ್ಯಾಂಡಲ್ಲಿಗೆ ಬಂದು ತಾಗುತ್ತಿತ್ತು. ಅವನಿಗೆ ಎಲ್ಲ ತಿಳಿಯಿತು. ತಿಳಿದಿದ್ದೇ ಕಣ್ಣಿಗೆ ಕಂಡಿತು, ಅಷ್ಟೆ.

ಇದನ್ನು ಸರಿಮಾಡಿ ಇಡುತ್ತೇನೆ ಎಂದುಕೊಂಡ. ಚಕ್ರ ನೆಟ್ಟಗೆ ಮಾಡಿಸಿದ. ಬ್ರೇಕಿನ ಭಾಗಗಳನ್ನೆಲ್ಲ ಕಿತ್ತು ಬಿಸಾಡಿ, ಎರಡಕ್ಕೂ ಹೊಸ ಹಿಡಿ, ಹೊಸ ಪೈಪು, ಹೊಸ ಪ್ಯಾಡು ಹಾಕಿದ. ಈ ಸಲ ಎರಡು ಬಾಟಲಿ ಸರಿಯಾದ ಎಣ್ಣೆ ತರಿಸಿದ್ದ. ಕೊನೆಯ ಗಾಳಿಗುಳ್ಳೆ ಹೋಗುವವರೆಗೂ ಕಾದ. ಸಂಜೆಗೆ ಹಿಡಿ ಗಟ್ಟಿಯಾಗಿತ್ತು.

ಬೆಳಿಗ್ಗೆ ಒತ್ತಿದ. ಹ್ಯಾಂಡಲ್ಲಿಗೆ ಬಂದು ತಾಗಿತು.

ಎಲ್ಲೋ ಸೋರಿದೆ ಎಂದುಕೊಂಡ. ಮತ್ತೆ ಎಣ್ಣೆ ತುಂಬಿ, ಕೆಳಗೆ ಬಿಳಿ ಕಾಗದ ಹಾಸಿದ. ಬೆಳಿಗ್ಗೆ ಕಾಗದ ಒಣಗಿತ್ತು, ಹಿಡಿ ಮೆತ್ತಗಿತ್ತು. ಮುಚ್ಚಳ ತೆಗೆದು ನೋಡಿದರೆ ಎಣ್ಣೆ ತುಂಬಿದಷ್ಟೇ ಇತ್ತು. ಸಿರಿಂಜು ಹಚ್ಚಿ ಎಳೆದ. ಗುಳ್ಳೆಗಳು ಬಂದವು. ಒಟ್ಟಿಗೆ ಬರಲಿಲ್ಲ. ಒಂದು ಬಂತು, ಸ್ವಲ್ಪ ಬಿಟ್ಟು ಇನ್ನೊಂದು ಬಂತು, ಮತ್ತೆ ಅಷ್ಟೇ ಹೊತ್ತು ಬಿಟ್ಟು ಇನ್ನೊಂದು. ಮಲಗಿದವನ ಉಸಿರಿನ ಲೆಕ್ಕದಲ್ಲಿ ಬರುತ್ತಿದ್ದವು. ಅವನು ಸಿರಿಂಜು ಕೆಳಗಿಟ್ಟು ಕೈ ತೊಳೆದುಕೊಂಡ.

ಹೀಗೆ ತಿಂಗಳುಗಳು ಹೋದವು. ಇನ್ನೊಮ್ಮೆ ಪೈಪು ಬದಲಾಯಿಸಿದ, ಇನ್ನೊಮ್ಮೆ ಹಿಡಿ ಬದಲಾಯಿಸಿದ. ಕೊನೆಗೆ ಆ ಬ್ರೇಕಿನಲ್ಲಿ ಮೇಷ್ಟ್ರು ಮುಟ್ಟಿದ್ದ ಒಂದು ತಿರುಪು ಕೂಡ ಉಳಿದಿರಲಿಲ್ಲ. ಸಂಜೆ ಗಟ್ಟಿ, ಬೆಳಿಗ್ಗೆ ಮೆತ್ತಗೆ.

ಒಂದು ದಿನ ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಬಾಗಿಲು ತೆರೆದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಸೈಕಲ್ಲು ಎದುರಿನ ಗೋಡೆಗೆ ಒರಗಿತ್ತು. ತುತ್ತು ಎತ್ತುವಾಗ ಅವನ ಕಣ್ಣು ಆ ಕಡೆ ಹೋಯಿತು. ಬ್ರೇಕಿನ ಹಿಡಿ ತಾನಾಗಿ ಒಳಗೆ ಬರುತ್ತಿತ್ತು. ನಿಧಾನವಾಗಿ ಬಂತು, ಹ್ಯಾಂಡಲ್ಲಿಗೆ ತಾಗಿತು, ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಆಮೇಲೆ ಹಿಂದಕ್ಕೆ ಹೋಯಿತು. ಮತ್ತೆ ಒಳಗೆ ಬಂತು. ಹೊರಡುವ ಮೊದಲು ಬ್ರೇಕು ಪರೀಕ್ಷೆ ಮಾಡುವವರು ಹಾಗೆಯೇ ಎರಡು ಸಲ ಒತ್ತುತ್ತಾರೆ.

ಅವನು ಎಂಜಲು ಕೈಯಲ್ಲೇ ಎದ್ದು ಹೋಗಿ ಎಡಗೈಯಿಂದ ಹ್ಯಾಂಡಲ್ಲಿನ ರಬ್ಬರು ಮುಟ್ಟಿದ. ನೆರಳಿನಲ್ಲಿದ್ದ ಸೈಕಲ್ಲು. ರಬ್ಬರು ಬೆಚ್ಚಗಿತ್ತು.

ಅವನು ಕೈ ತೊಳೆದು, ಚಪ್ಪಲಿ ಮೆಟ್ಟಿ, ನೇರವಾಗಿ ಮೇಷ್ಟ್ರ ಮನೆಗೆ ನಡೆದ. ಮೇಷ್ಟ್ರು ಹೋಗಿ ಆಗ ಹನ್ನೊಂದು ತಿಂಗಳಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಬಾಟಲಿ ಉರುಳಿದ್ದು, ಸ್ಕೂಟರಿನ ಎಣ್ಣೆ, ಬೆರೆಸಿದ್ದು.

ಅವಳು ಮೊರ ಪಕ್ಕಕ್ಕಿಟ್ಟಳು.

“ಬೆರೆಸಬಾರದು ಅಂತ ಬರೆದಿತ್ತಾ?” ಎಂದು ಕೇಳಿದಳು.

“ಬರೆದಿತ್ತು ಅತ್ತಿಗೆ.”

“ಓದಿದ್ರಾ?”

“ಓದಿದ್ದೆ.”

ಅವಳು ಅಳಲಿಲ್ಲ. ಹೇಳಿದಳು: “ಆ ದಿನ ಹೊರಡುವಾಗ ಅವರು ಬ್ರೇಕು ಒತ್ತಿ ನೋಡಿ, ಸ್ವಲ್ಪ ಮೆತ್ತಗಿದೆ ಅಂದ್ರು. ನಿಮ್ಮನ್ನ ಕೇಳಿಕೊಂಡು ಹೋಗಿ ಅಂದೆ. ಅವನು ಮಾಡಿದ್ದು, ಸರಿಯಾಗೇ ಇರುತ್ತೆ, ಜ್ವರದಲ್ಲಿ ಮಲಗಿರೋನನ್ನ ಯಾಕೆ ಎಬ್ಬಿಸೋದು ಅಂದು ಹೋದ್ರು. ಜೋರಾಗಿ ಹೋಗಿ ಸತ್ರು ಅಂತ ಊರೆಲ್ಲ ಹೇಳ್ತು. ನಾನೂ ನಂಬಿದೆ. ನಮ್ಮನ್ನ ಮರೆತು ಹಾಗೆ ಹೋದ್ರಲ್ಲ ಅಂತ ಹನ್ನೊಂದು ತಿಂಗಳು ದಿನಾ ಅವರ ಫೋಟೋ ಮುಂದೆ ನಿಂತು ಬೈದಿದ್ದೀನಿ.”

ಅವನು ಅವಳ ಮುಖ ನೋಡಲಾರದೆ ನೆಲ ನೋಡಿದ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವಳೇ ಇವನ ಮನೆಗೆ ಬಂದಳು. ಸೈಕಲ್ಲು ಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದಳು. ಅವನು ಸೈಕಲ್ಲನ್ನು ಪಡಸಾಲೆಯಿಂದ ಹೊರಗೆ ತಂದು ನಿಲ್ಲಿಸಿದ. ಓಡಿಸಲು ಯಾರಿಗೂ ಕೊಡಬೇಡಿ, ಬ್ರೇಕು ನಿಲ್ಲುತ್ತಿಲ್ಲ ಎಂದ. ಅವಳು ಹಿಡಿ ಒತ್ತಿ ನೋಡಿದಳು. ಅದು ಅರ್ಧ ಬೆರಳಿನಷ್ಟು ಬಂದು ನಿಂತಿತು.

“ಗಟ್ಟಿಯಾಗಿದೆಯಲ್ಲ” ಎಂದಳು.

ಅವನು ಕೈ ಚಾಚಿ ಒತ್ತಿದ. ಹ್ಯಾಂಡಲ್ಲಿಗೆ ಬಂದು ತಾಗಿತು. ಅವಳು ಮತ್ತೆ ಒತ್ತಿದಳು. ಗಟ್ಟಿಯಾಗಿತ್ತು.

ಅವಳು ಸೈಕಲ್ಲನ್ನು ತಳ್ಳಿಕೊಂಡು ಬೀದಿಯಲ್ಲಿ ನಡೆದು ಹೋದಳು. ಆ ವಾರವೇ ಊರಿನವರಿಗೆಲ್ಲ ವಿಷಯ ತಿಳಿಯಿತು. ಕೆಲವರು ಇವನ ಅಂಗಡಿಗೆ ಬರುವುದನ್ನು ಬಿಟ್ಟರು. ಮೇಷ್ಟ್ರ ಮನೆಯಲ್ಲಿ ಫೋಟೋಗೆ ಹನ್ನೊಂದು ತಿಂಗಳ ಮೇಲೆ ಮೊದಲ ಸಲ ಹೂವು ಏರಿತು. ಔಷಧಿ ಅಂಗಡಿಯವನು ತನ್ನ ಸೈಕಲ್ಲನ್ನು ಮತ್ತೆ ಹತ್ತಲಿಲ್ಲ. ಅದರ ಬ್ರೇಕೂ ಅವನ ಕೈಗೆ ಮೆತ್ತಗೇ ಸಿಗುತ್ತಿತ್ತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಕತೆ ಮುಗಿಯಿತೆಂದು ಚೆನ್ನವೀರನಿಗೆ ಅನಿಸಲಿಲ್ಲ. ಅವನು ಕೇಳಿದ: “ಹೇಳಿದ ಮೇಲೂ ಅವನ ಕೈಗೆ ಅದು ಸರಿಹೋಗಲಿಲ್ಲ. ಹಾಗಾದರೆ ಹೇಳಿ ಅವನಿಗೆ ಸಿಕ್ಕಿದ್ದೇನು, ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು: “ನೀನು ಹೇಳಬೇಕಾದವರ ಮನೆ ಇಲ್ಲಿಂದ ಎಷ್ಟು ದೂರ?”

ಚೆನ್ನವೀರ ಎದ್ದು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿದ.