ಒಲೆ ಪಕ್ಕದ ಬೋರ್ಡು

“ಇವತ್ತು ಯಾರು ಸಿಕ್ಕರು?”

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಕೊನೆಯದಾಗಿ ಕೇಳಿದ್ದು ಇಷ್ಟೇ. ರೇಡಿಯೊದಲ್ಲಿ ಯಾವ ಊರಿನವರು ಸಿಕ್ಕರು ಅಂತ ದಿನಾ ಕೇಳುತ್ತಿದ್ದಳು. ಅವತ್ತು ನಾನು ಕೆಲಸಕ್ಕೇ ಹೋಗಿರಲಿಲ್ಲ. ನಾಳೆ ಹೇಳ್ತೀನಿ ಅಂದೆ.

ರೇಡಿಯೊದಲ್ಲಿ ದೂರದೂರಿನವರ ಹತ್ತಿರ ಮಾತಾಡುವ ಹವ್ಯಾಸಿಗಳ ಕ್ಲಬ್ಬಿನಲ್ಲಿ ನಾನು ಟೀ ಮಾಡುವವನು. ಯಾವ ಸ್ಟೇಷನ್ನು ಯಾವ ಫ್ರೀಕ್ವೆನ್ಸಿಯಲ್ಲಿ ಕೇಳಿಸುತ್ತಿದೆ ಅಂತ ಕಂಪ್ಯೂಟರಿನಲ್ಲಿ ಬರುತ್ತದೆ. ಅದನ್ನು ನೋಡಿ ಬೋರ್ಡಿನ ಮೇಲೆ ಬರೆಯುವುದೂ ನಾನೇ. ಚಿಕ್ಕ ಲೈಸೆನ್ಸಿನವರು ಕೆಲವೇ ಫ್ರೀಕ್ವೆನ್ಸಿಗಳಲ್ಲಿ ಮಾತಾಡಬಹುದು. ದೊಡ್ಡ ಲೈಸೆನ್ಸಿಗೆ ಅವೂ ಸೇರಿ ಇನ್ನೂ ಬೇಕಾದಷ್ಟು.

ದೊಡ್ಡ ಲೈಸೆನ್ಸಿನ ಅಧ್ಯಕ್ಷ ಪಂಚಾಕ್ಷರಯ್ಯ ಒಂದು ದಿನ ಬಂದು, “ಚಿಕ್ಕ ಲೈಸೆನ್ಸಿನವರ ಫ್ರೀಕ್ವೆನ್ಸಿಗಳು ನನ್ನ ಬೋರ್ಡಿನ ಮೇಲೆ ಕಾಣಬಾರದು. ಸೋಸಿ ಬರಿ. ಇಲ್ಲಾಂದ್ರೆ ಮನೆಗೆ ನಡಿ,” ಅಂದರು.

“ಅವೂ ನಿಮಗೆ ಸಲ್ಲುತ್ತವಲ್ಲ ಸಾರ್?”

“ಟೀ ಮಾಡೋನು ನನಗೆ ಹೇಳ್ಕೊಡ್ತೀಯಾ?”

ಆಗಲಿ ಅಂದೆ. ಒಲೆ ಪಕ್ಕ ಇನ್ನೊಂದು ಬೋರ್ಡು ನೇತುಹಾಕಿದೆ. ಚಿಕ್ಕವರದ್ದೆಲ್ಲ ಅಲ್ಲಿ.

ಅಧ್ಯಕ್ಷರು ವರ್ಷಗಟ್ಟಲೆ ಕಾದಿದ್ದ ಒಂದು ದ್ವೀಪದ ಸ್ಟೇಷನ್ನು ಒಂದು ಸಂಜೆ ಬಂತು. ಬಂದಿದ್ದು ಚಿಕ್ಕವರ ಫ್ರೀಕ್ವೆನ್ಸಿಯಲ್ಲಿ. ಒಲೆ ಪಕ್ಕ ಬರೆದೆ. ಟೀಗೆ ಬಂದಿದ್ದ ಚಿಕ್ಕ ಲೈಸೆನ್ಸಿನ ಟೇಲರ್ ಶಾಹೀನಾ ಓದಿದವಳೇ ಲೋಟ ಬಿಟ್ಟು ರೇಡಿಯೊ ಕಡೆಗೆ ಓಡಿದಳು. ದ್ವೀಪದವರ ಹತ್ತಿರ ಮಾತಾಡಿಯೇಬಿಟ್ಟಳು. ಅಧ್ಯಕ್ಷರು ತಮ್ಮ ಬೋರ್ಡಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು.

ಅವರಿಗೆ ವಿಷಯ ತಿಳಿಯುವಷ್ಟರಲ್ಲಿ ದ್ವೀಪದವರು ಮಾತು ಮುಗಿಸಿ ಅಂಗಡಿ ಮುಚ್ಚಿದ್ದರು.

“ನನಗ್ಯಾಕೋ ಹೇಳಲಿಲ್ಲ?”

“ಸೋಸಿದೆ ಸಾರ್. ನೀವು ಹೇಳಿದ ಹಾಗೇ.”

ಅಧ್ಯಕ್ಷರು ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಒಲೆ ಪಕ್ಕ ಕೂತರು. “ಒಂದು ಟೀ ಕೊಡು,” ಅಂದರು.

ಮಾರನೆ ಬೆಳಿಗ್ಗೆ ಎದ್ದವನೇ ಹೆಂಡತಿಯ ಫೋಟೋ ಮುಂದೆ ನಿಂತು, “ದ್ವೀಪದವರು ಸಿಕ್ಕರು ಕಣೇ,” ಅಂದೆ.